ನೂರಕ್ಕೆ ನೂರು

ಹಸಿ ಸುಳ್ಳು ಅನ್ನುತ್ತೇವೆ, ಹಸಿ ಗಾಯ ಅನ್ನುತ್ತೇವೆ;
ಕ್ಯಾಮೆರಾ ಕೊಡುವ ಈ ರಾ ಫೈಲು ಎರಡೂ ಅಲ್ಲ.
ನಾದಿ ಮುಚ್ಚಿಟ್ಟ ಹಿಟ್ಟು.
ಸಪ್ಪೆ, ಮಬ್ಬು, ಮೇಲೆ ಬೂದಿ ಬಳಿದ ಹಾಗೆ.
ಮೊದಲ ಸಲ ನೋಡಿದಾಗ ಲೆನ್ಸನ್ನೇ ಬೈದಿದ್ದೆ,
ಮಾರಿದವನಿಗೆ ಖಾರವಾಗಿ ಕಾಗದ ಬರೆದಿದ್ದೆ.

ನಾನು ಥೋರಾ. ಸ್ಯಾಂಡೆ ದ್ವೀಪದ ಕಟ್ಟೆಯಲ್ಲಿ
ಫೆರಿಯ ಟಿಕೆಟು ಹರಿಯುವವಳು.
ಆರ್ಕ್ನಿಯಲ್ಲಿ ಮರಗಳು ಅಪರೂಪ. ಹಾಗಾಗಿ ಗಾಳಿಗೆ
ಅಲ್ಲಾಡಿಸಲು ಸಿಗುವವರು ನಾವೇ:
ನಮ್ಮ ಟೋಪಿ, ನಮ್ಮ ಬಾಗಿಲು, ನನ್ನ ಟ್ರೈಪಾಡು.

ನವೆಂಬರಿನಲ್ಲಿ ಸೀಲುಗಳು ಹೆರಿಗೆಗೆ ದಡಕ್ಕೆ ಬರುತ್ತವೆ.
ಮೂರೂವರೆಗೆಲ್ಲ ಸೂರ್ಯ ಅಂಗಡಿ ಮುಚ್ಚುತ್ತಾನೆ.
ಅಷ್ಟರೊಳಗೆ ಗಾಳಿಗೆ ಬೆನ್ನು ಕೊಟ್ಟು, ಮೊಣಕಾಲೂರಿ,
ಅರ್ಧ ಉಸಿರು ಬಿಟ್ಟು
ಉಳಿದರ್ಧ ಹೊರಡುವ ಮೊದಲು ಗುಂಡಿ ಒತ್ತಬೇಕು.
ಟ್ರೈಪಾಡಿನ ನಡುಗಂಬ ಎತ್ತಬಾರದು,
ಕೊಕ್ಕೆಗೆ ಕಲ್ಲಿನ ಚೀಲ ತೂಗಬೇಕು.
ಫೋಕಸ್ಸು ಮೂಗಿಗಲ್ಲ, ಮೀಸೆಗಲ್ಲ, ಹತ್ತಿರದ ಕಣ್ಣಿಗೆ.
ಇವೆಲ್ಲ ನನಗೆ ಬಾಯಿಪಾಠ.
ಗಾಳಿಗೆ ಮಾತ್ರ ಯಾವ ಪಾಠವೂ ಇಲ್ಲ.

ಆ ದಿನ ಎರ್ಲೆಂಡ್ ಬಂದಿದ್ದ, ಕರೆಯದೆ.
ನನ್ನ ಅಣ್ಣ. ಶೆಡ್ಡು ಖಾಲಿ ಮಾಡುವಾಗ
ಅಪ್ಪನ ನೆಗೆಟಿವುಗಳ ಹನ್ನೊಂದು ಡಬ್ಬಿಗಳನ್ನು
ಕಸವೆಂದುಕೊಂಡು ಲಾರಿಗೆ ಹಾಕಿದವನು.
ಮೂರು ವರ್ಷದಿಂದ ನಮ್ಮ ನಡುವಿನ ಮಾತು ಇಷ್ಟೇ:
‘ಫೆರಿ ಎಷ್ಟಕ್ಕೆ?’
‘ನಾಲ್ಕೂ ಹತ್ತಕ್ಕೆ.’
ಅವನು ಎಲ್ಲಿ ನಿಂತ, ಯಾವಾಗ ಹೋದ,
ನಾನು ತಿರುಗಿ ನೋಡಲಿಲ್ಲ. ಬೇಕೆಂದೇ ನೋಡಲಿಲ್ಲ.

ರಾತ್ರಿ ಕಂಪ್ಯೂಟರಿನ ಮುಂದೆ ಇನ್ನೂರ ಹನ್ನೆರಡು ಚಿತ್ರ.
ಒಂದರಲ್ಲಿ ಮರಿಗೆ ಎರಡು ಮೂಗು,
ಒಂದರಲ್ಲಿ ಮುಖವಿಡೀ ನೀರಿಗೆ ಬಿದ್ದ ಶಾಯಿ.
ಅಳಿಸುತ್ತ, ಅಳಿಸುತ್ತ, ಚಹಾ ಆರುತ್ತ,
ಕೊನೆಯ ಏಳಕ್ಕೆ ಬಂದೆ.
ಏಳೂ ಹರಿತ. ಒಂದೊಂದು ಮೀಸೆ ಎಣಿಸಬಹುದು.
ಗಾಳಿ ನಿಂತಿತ್ತೇ? ಇಲ್ಲ:
ಹಿಂದಿನ ಹುಲ್ಲು ನೆಲಕ್ಕೆ ಮಲಗಿಕೊಂಡೇ ಇದೆ.

ಇರಲಿ. ಕೆಲಸ ಶುರುಮಾಡಿದೆ.
ನೆರಳನ್ನು ತುಸು ಎತ್ತಿ, ಹಿಟ್ಟಿಗೆ ಬಿಸಿ ತಾಗಿಸಿದೆ;
ಬೂದಿಯೊಳಗಿಂದ ಮರಿಯ ಹಳದಿ-ಬಿಳಿ ತುಪ್ಪಳ
ನಾಚುತ್ತ ಹೊರಬಂತು.
ಹರಿತದ ಪಟ್ಟಿ ಉಪ್ಪಿದ್ದಂತೆ, ರುಚಿಗೆ ತಕ್ಕಷ್ಟು.
ಹೆಚ್ಚಾದರೆ ಮೀಸೆಗೊಂದೊಂದು ಬಿಳಿ ಅಂಚು ಹುಟ್ಟಿ
ಸೀಲ್ ಮರಿ ಸಂತನಾಗಿಬಿಡುತ್ತದೆ.
ಆಮೇಲೆ ನಾಯ್ಸ್. ಕತ್ತಲಲ್ಲಿ ತೆಗೆದದ್ದರಿಂದ
ಎಲ್ಲ ಕಡೆ ಮರಳು ಚೆಲ್ಲಿದಂತೆ ಕಾಳು.
ಪಟ್ಟಿ ಎಳೆದೆ. ಕಣ್ಣು ಗಾಜಿನಷ್ಟು ನುಣುಪಾಯಿತು.
ಚೆಂದವೇ ಇತ್ತು.

ಆದರೂ ಅಭ್ಯಾಸ: ನೂರಕ್ಕೆ ನೂರು ಹಿಗ್ಗಿಸಿ ನೋಡದೆ
ಉಳಿಸುವುದಿಲ್ಲ ನಾನು.
ಹಿಗ್ಗಿಸಿದೆ. ಪಟ್ಟಿ ಹಿಂದೆ ತಂದೆ, ಮುಂದೆ ತಂದೆ.
ಮುಂದೆ ತಂದಾಗ ಬರಿ ಕಪ್ಪು.
ಹಿಂದೆ ತಂದಾಗ, ಆ ಒದ್ದೆ ಕಣ್ಣಿನ ಗೋಳದಲ್ಲಿ
ಡೊಂಕಾದ ಒಂದು ದಿಗಂತ,
ಅದರ ಕೆಳಗೆ ಮುದುರಿದ ಒಂದು ಚುಕ್ಕೆ, ಅದು ನಾನು.
ನನ್ನ ಬೆನ್ನ ಹಿಂದೆ ಇನ್ನೊಂದು.
ನಿಂತದ್ದು. ಎರಡೂ ಕೈ ಅಗಲಕ್ಕೆ ಚಾಚಿ
ಗುಂಡಿ ಬಿಚ್ಚಿದ ಕೋಟನ್ನು
ಹಾಯಿಯ ಹಾಗೆ ಹಿಡಿದದ್ದು.

ಎಷ್ಟು ಹೊತ್ತು ಹಾಗೆ ನಿಂತಿದ್ದನೋ.
ಏಳು ಚಿತ್ರದಷ್ಟು ಹೊತ್ತು ಎಂಬುದಕ್ಕೆ ನನ್ನಲ್ಲಿ ದಾಖಲೆಯಿದೆ.

ನಾಯ್ಸಿನ ಪಟ್ಟಿಯನ್ನು ಸೊನ್ನೆಗೆ ಎಳೆದೆ.
ಇನ್ನೊಂದು ಎಳೆತಕ್ಕೆ ನಾನೂ
ಲಾರಿಗೆ ಹಾಕಿಬಿಡುತ್ತಿದ್ದೆ.

ಸೋಮವಾರ ಟಿಕೆಟಿನ ಕಿಂಡಿಗೆ ಬಂದ.
‘ನಾಲ್ಕೂ ಹತ್ತಕ್ಕೆ’ ಅಂದೆ, ಅವನು ಕೇಳುವ ಮೊದಲೇ.
ಟಿಕೆಟಿನ ಜೊತೆ ಪ್ರಿಂಟನ್ನೂ ನೂಕಿದೆ.
ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದ.
ಕಣ್ಣಿನೊಳಗೆ ನೋಡಿದನೋ ಇಲ್ಲವೋ, ಗೊತ್ತಾಗಲಿಲ್ಲ.
‘ಹೊಟ್ಟೆಯ ಹತ್ತಿರ ಬಿಳಿ ಜಾಸ್ತಿಯಾಯಿತು’ ಅಂದ.

‘ಹಸಿಯಾಗಿಯೇ ಇದೆ’ ಅಂದೆ,
‘ಇನ್ನೂ ಇಳಿಸಬಹುದು.’